ಅರವತ್ತು ಕುರಿಯ ಕಾಗದ

ಬೀರಣ್ಣ ತನ್ನ ಕುರಿಗಳನ್ನು ತಾನೇ ಕದ್ದ ಅಪರಾಧಕ್ಕೆ ಕೆಂಚನಗುಡ್ಡದ ಠಾಣೆಯಲ್ಲಿ ಬಂದಿಯಾಗಿ ಕೂತಿದ್ದ. ನಗಬೇಡಿ, ಕಾಗದದಲ್ಲಿ ಹಾಗೇ ಬರೆದಿತ್ತು. ಕಾಗದದ ಕೆಳಗೆ ಅವನದೇ ಹೆಬ್ಬೆಟ್ಟು, ಹೆಬ್ಬೆಟ್ಟಿನ ಪಕ್ಕ ಸರ್ಕಾರದ ಮೊಹರು. ಇಷ್ಟೆಲ್ಲ ಇದ್ದ ಮೇಲೂ ಕುರಿ ಯಾರವು, ಕದ್ದವರು ಯಾರು ಎಂದು ಕೇಳುವವರಿಗೆ ತಲೆ ಸರಿ ಇಲ್ಲವೆಂದೇ ಲೆಕ್ಕ. ಅವನ ಹೆಂಡತಿ ಶಂಕ್ರಮ್ಮ ಠಾಣೆಯೆದುರಿನ ಬೇವಿನ ಮರದ ಕೆಳಗೆ ಎರಡು ದಿನದಿಂದ ಕೂತು ಅದನ್ನೇ ಕೇಳುತ್ತಿದ್ದಳು. ಠಾಣೆಯವರು ಅವಳಿಗೆ ಆಗಲೇ ಹುಚ್ಚಿ ಎಂದು ಹೆಸರಿಟ್ಟಾಗಿತ್ತು.

ಕೆಂಚನಗುಡ್ಡ ಶಹಾಪುರದಿಂದ ಸುರಪುರಕ್ಕೆ ಹೋಗುವ ದಾರಿಯ ಬದಿಯ ಊರು. ಗುರುವಾರ ಸಂತೆ ಕೂಡುತ್ತಿತ್ತು. ಠಾಣೆಯೂ ಹಂಪಣ್ಣ ಸಾಹುಕಾರನ ಅಂಗಡಿಯೂ ಎದುರುಬದುರು, ನಡುವೆ ಬೇವಿನ ಮರ. ಒಂದರ ಬಾಗಿಲಿಂದ ಹೊರಬಿದ್ದ ಬಡವ ಬೇಕೋ ಬೇಡವೋ ಇನ್ನೊಂದರ ಬಾಗಿಲಿಗೇ ಮುಖ ಮಾಡಿ ನಿಲ್ಲಬೇಕು. ಯಾರು ಕಟ್ಟಿಸಿದರೋ, ಬಹಳ ಯೋಚನೆ ಮಾಡಿ ಕಟ್ಟಿಸಿದ್ದರು.

ಸಾಲ ಹುಟ್ಟಿದ್ದು ನಿಜಾಮನ ರಾಜ್ಯ ಮುಗಿದ ವರ್ಷ. ಆ ಭಾದ್ರಪದದಲ್ಲಿ ದಿಲ್ಲಿಯ ದಂಡು ಬಂತು, ವಾರ ತುಂಬುವುದರೊಳಗೆ ಎಲ್ಲ ಮುಗಿಯಿತು, ಠಾಣೆಯ ಮೇಲಿನ ಬಾವುಟ ಬದಲಾಯಿತು. ಬಾವುಟದ ಕೆಳಗೆ ನಿಂತಿದ್ದ ಜಮಾದಾರ ಮಾನಪ್ಪ ಮಾತ್ರ ಬದಲಾಗಲಿಲ್ಲ. ಟೋಪಿಯ ಹಳೆಯ ಬಿಲ್ಲೆ ಕಿತ್ತು ಹೊಸ ಬಿಲ್ಲೆ ಹಚ್ಚಿಕೊಂಡ, ಅವನ ಪಾಲಿನ ಸ್ವಾತಂತ್ರ್ಯ ಅಷ್ಟೇ. ಆದರೆ ಹೊಸ ಸರ್ಕಾರಕ್ಕೆ ನಿಷ್ಠೆ ತೋರಿಸಬೇಕಲ್ಲ? ನಿಜಾಮನ ಕಡೆಯ ರಜಾಕಾರರು ಗುಡ್ಡದಲ್ಲಿ ಅಡಗಿದ್ದಾರೆ, ಕುರಿಗಾರರು ಅವರಿಗೆ ರೊಟ್ಟಿ ನೀರು ಕೊಡುತ್ತಾರೆ ಎಂದು ಹೇಳಿ ಬೀರಣ್ಣನನ್ನು ಹಿಡಿದು ತಂದ. ಬೀರಣ್ಣ ಆ ಹದಿನೈದು ದಿನ ಕುರಿಗಳ ಹೊರತು ಯಾರ ಮುಖವನ್ನೂ ಕಂಡಿರಲಿಲ್ಲ. ರಾಜ್ಯ ಹೋದ ಸುದ್ದಿ ಅವನಿಗೆ ಠಾಣೆಯಲ್ಲಿ ಏಟು ತಿನ್ನುವಾಗಲೇ ತಿಳಿದದ್ದು.

ಬಿಡಬೇಕಾದರೆ ಎಂಬತ್ತು ರೂಪಾಯಿ ಅಂದ ಮಾನಪ್ಪ. ಶಂಕ್ರಮ್ಮ ಎದುರಿನ ಅಂಗಡಿಗೆ ಹೋಗಿ ಹಂಪಣ್ಣನ ಕಾಲಿಗೆ ಬಿದ್ದಳು. ಹಂಪಣ್ಣ ಎದ್ದು ಬಂದು, ಠಾಣೆಯ ಕಟ್ಟೆಯ ಮೇಲೆ ಕೂತು, ಎಂಬತ್ತು ಹಾಲಿ ರೂಪಾಯಿ ಎಣಿಸಿ ಜಮಾದಾರನ ಅಂಗೈಗೆ ಹಾಕಿದ. ಬೀರಣ್ಣನ ಕೈಗೆ ಆ ದುಡ್ಡು ಸೋಕಲೂ ಇಲ್ಲ. ಹೆಬ್ಬೆಟ್ಟು ಮಾತ್ರ ಅವನದು. ಮೂರು ವರ್ಷ ಉಣ್ಣೆಯೆಲ್ಲ ಹಂಪಣ್ಣನ ಅಂಗಡಿಗೇ ಹೋಯಿತು, ಗೊಬ್ಬರಕ್ಕೆ ಅವನ ಹೊಲದಲ್ಲಿ ಕುರಿ ತರುಬಿದ್ದೂ ಪುಕ್ಕಟೆ. ಆದರೂ ಆ ಎಂಬತ್ತು ಇನ್ನೂರ ನಲವತ್ತಾಯಿತು. ಅದೂ ನಿಜಾಮನ ಹಾಲಿ ರೂಪಾಯಿಯಲ್ಲ, ಅದಕ್ಕಿಂತ ಬೆಲೆ ಹೆಚ್ಚಿನ ಕಲ್ದಾರ ರೂಪಾಯಿ. ರಾಜ್ಯ ಹೋದ ಮೇಲೆ ಹಳೇ ದುಡ್ಡಿನಲ್ಲಿ ಯಾಕೆ ಬರೆಯಬೇಕು ಎಂದು ಹಂಪಣ್ಣ ದೇಶಭಕ್ತಿಯ ಮಾತಾಡಿದ.

ಈ ಸಲದ ಸಂಕ್ರಾಂತಿ ಮುಗಿದ ವಾರದಲ್ಲೇ ಅವನು ಅದಾಲತ್ತಿನ ಜಪ್ತಿ ಹುಕುಂ ಹಿಡಿದು ಬಂದ. ಬೀರಣ್ಣನ ದಡ್ಡಿ, ಅಂದರೆ ಕುರಿ ಕೂಡುವ ತಟ್ಟಿಯ ಆವರಣ, ಆಗ ತೊಗರಿ ಕೊಯ್ದ ಹೊಲದಲ್ಲಿತ್ತು. ಹಂಪಣ್ಣ ಕೊಡೆ ಹಿಡಿದು ಬದುವಿನ ಮೇಲೆ ನಿಂತ. ಮಾನಪ್ಪ ಲಾಠಿ ಊರಿ ತಟ್ಟಿಯ ಬಳಿ ನಿಂತ. ಠಾಣೆಯ ಮುನಶಿ ಖಾಜಾಹುಸೇನ ಕಾಗದದ ಕಟ್ಟು ಬಿಚ್ಚಿಕೊಂಡು ಕಲ್ಲಿನ ಮೇಲೆ ಕೂತ. ಮುದುಕ, ಕನ್ನಡಕದ ಒಂದು ಕಾಲು ಮುರಿದು ದಾರ ಕಟ್ಟಿಕೊಂಡವನು. ಊರಲ್ಲಿ ಉರ್ದು ಬರೆಯುವವನು ಅವನೊಬ್ಬನೇ, ಸರ್ಕಾರ ಇನ್ನೂ ಉರ್ದುವಿನಲ್ಲೇ ಬರೆಸಿಕೊಳ್ಳುತ್ತಿತ್ತು.

"ಎಷ್ಟ್ ಕುರಿ ಅದಾವೋ?" ಮಾನಪ್ಪ ಕೇಳಿದ.

"ದೇವರು ಕೊಟ್ಟಷ್ಟ್ ಅದಾವ್ರಿ ಸಾಹೇಬ್ರ," ಅಂದ ಬೀರಣ್ಣ.

ಇದು ಪೊಗರಿನ ಮಾತಲ್ಲ. ಕುರಿಗಾರರು ತಮ್ಮ ಕುರಿ ಎಣಿಸುವುದಿಲ್ಲ. ಸಂಜೆ ದಡ್ಡಿಗೆ ಹೊಗುವಾಗ ಒಂದೊಂದರ ಮುಖ ನೋಡುತ್ತಾರೆ, ಯಾವ ಮುಖ ಕಾಣಲಿಲ್ಲವೋ ಅದನ್ನು ಹುಡುಕಿಕೊಂಡು ಹೋಗುತ್ತಾರೆ. ಅವರು ಎಣಿಸುವುದು ಒಂದೇ ಸಲ, ಕಟುಕನಿಗೆ ಮಾರುವಾಗ. ಆಗ ಒಡೆಯ ಒಂದೊಂದರ ತಲೆ ಮುಟ್ಟಿ, ಬಾಯಿಬಿಟ್ಟು ಒಂದು ಎರಡು ಎಂದು ಹೇಳಿ ಒಪ್ಪಿಸಬೇಕು. ಹಾಗೆ ಎಣಿಸಿದ್ದು ಕತ್ತಿಗೆ ಹೋಯಿತೆಂದೇ ಅರ್ಥ. ಪರರು ಎಣಿಸಿದರೆ ತಟ್ಟುವುದಿಲ್ಲ, ಒಡೆಯನ ಕೈ, ಒಡೆಯನ ಬಾಯಿ ಕೂಡಿದರೇ ತಟ್ಟುವುದು. ಪರರು ಎಷ್ಟು ಎಂದು ಕೇಳಿದಾಗ ಅವರ ಬಾಯಿಂದ ಬಂದ ಸಂಖ್ಯೆಗೆ ಹೂಂ ಅಂದುಬಿಡಬೇಕು. ಆ ಸಂಖ್ಯೆ ಎಷ್ಟು ತಪ್ಪಿರುತ್ತದೋ ಅಷ್ಟು ಒಳ್ಳೆಯದು. ಕೆಟ್ಟ ಕಣ್ಣು ತಪ್ಪು ಸಂಖ್ಯೆಯನ್ನು ಹಿಡಿದುಕೊಂಡು ಹೋಗುತ್ತದೆ, ಕುರಿಗಳು ಉಳಿಯುತ್ತವೆ.

ಹಂಪಣ್ಣನಿಗೆ ಇದು ಗೊತ್ತಿತ್ತು. ಮೂವತ್ತು ವರ್ಷ ಕುರಿಗಾರರ ಉಣ್ಣೆ ಕೊಂಡವನು, ಅವರ ಹುಟ್ಟು ಸಾವು ನೇಮ ನಿಷ್ಠೆ ಎಲ್ಲ ಬಲ್ಲವನು. ಕೊಡೆಯ ಕೆಳಗಿನಿಂದ ಬೆಣ್ಣೆಯಂಥ ದನಿಯಲ್ಲಿ ಅಂದ: "ಒಂದ್ ಅರವತ್ತ್ ಇರಬೇಕು ಬಿಡ್ರಿ. ಹೌದಿಲ್ಲೋ ಬೀರಣ್ಣಾ?"

"ಹೌದ್ರಿ ಧಣೇರ. ನೀವು ಅಂದಷ್ಟ್ ಅದಾವ್ರಿ," ಅಂದ ಬೀರಣ್ಣ. ಅವನ ಮುಖ ಅರಳಿತ್ತು.

ಖಾಜಾಹುಸೇನ ಲೇಖಣಿ ಎತ್ತಿ ದಡ್ಡಿಯ ಕಡೆ ನೋಡಿದ. "ಜಮಾದಾರ ಸಾಬ್, ಒಮ್ಮಿ ಎಣಿಸಿ ಬರದ್ರ ಬರಾಬರ ಆಗ್ತದ."

"ಮಾಲಕನ ಬಾಯಿಂದ ಹೌದು ಅಂದಾನ, ನಿಂದೇನ್ ತಕರಾರು? ಬರಿ ಸುಮ್ಮ."

ಮುನಶಿ ಬರೆದ. ಬೀರಣ್ಣ ಹೆಬ್ಬೆಟ್ಟು ಒತ್ತಿದ. ಅಂದಿನಿಂದ ಆ ಕುರಿಗಳು ಸರ್ಕಾರದವು. ಆದರೆ ಸರ್ಕಾರ ಕುರಿ ಮೇಯಿಸುವುದಿಲ್ಲವಲ್ಲ, ಹರಾಜಿನ ತನಕ ಬೀರಣ್ಣನ ಸುಪುರ್ದಿಗೇ ಬಿಟ್ಟಿದೆ, ಕೇಳಿದ ದಿನ ಕಾಗದದಲ್ಲಿದ್ದಷ್ಟನ್ನೂ ತಂದು ಒಪ್ಪಿಸಬೇಕು ಎಂದು ಮಾನಪ್ಪ ಗಡಿಬಿಡಿಯಲ್ಲಿ ಹೇಳಿ ಮುಗಿಸಿದ. ಮಾಲು ಸರ್ಕಾರದ್ದು, ಮೇವು ನೀರು ಕಾವಲು ಬೀರಣ್ಣನದು. ಇಂಥ ಸೊಗಸಾದ ಕಾನೂನು ಯಾರ ತಲೆಯಲ್ಲಿ ಹುಟ್ಟಿತೋ!

ಶಂಕ್ರಮ್ಮ ತಟ್ಟಿಯ ಒಳಗೆ ನಿಂತು ಎಲ್ಲ ಕೇಳಿದ್ದಳು. ಅವಳಿಗೂ ಸಂತೋಷವೇ ಆಗಿತ್ತು. ಕುರಿ ಹೋಗುವುದು ಹೋಗುತ್ತವೆ, ಅದಕ್ಕೆ ಹೊಟ್ಟೆ ಉರಿಯಿತು, ಆದರೆ ಸರ್ಕಾರದ ಕಣ್ಣಾದರೂ ತಪ್ಪಿತಲ್ಲ ಎಂದು ಆ ಸಂಜೆ ಬೀರದೇವರಿಗೆ ಒಂದು ಎಣ್ಣೆ ದೀಪ ಹಚ್ಚಿದಳು. ಆಮೇಲೆ ಬೇವಿನ ಮರದ ಕೆಳಗೆ ಕೂತಾಗ ಆ ದೀಪದ ನೆನಪಾಗಿ ಅವಳಿಗೆ ತನ್ನ ಮೇಲೆ ತನಗೇ ಅಸಹ್ಯವಾಯಿತು.

ನಡುವೆ ಝಂಡಾದ ಹಬ್ಬ, ಅಂದರೆ ಜನವರಿ ಇಪ್ಪತ್ತಾರು, ಬಂತು. ಶಹಾಪುರದಿಂದ ಸಾಹೇಬರು ಬರುತ್ತಾರೆಂದು ಮಾನಪ್ಪ ದಡ್ಡಿಗೆ ಬಂದು ಎರಡು ಟಗರು ಹಿಡಿದ. ಬೀರಣ್ಣ ಕೈ ಮುಗಿದ, ಅವು ಕಾಗದದೊಳಗಿನ ಕುರಿ ಅಂದ. "ಸರ್ಕಾರದ ಹಬ್ಬಕ್ಕ ಸರ್ಕಾರದ ಕುರಿ, ನಿಮ್ಮಪ್ಪಂದೇನ್ ಹೋಯ್ತಲೇ?" ಅಂದ ಜಮಾದಾರ. ಸಾಹೇಬರು ಕಡೆಗೂ ಬರಲಿಲ್ಲ. ಟಗರುಗಳು ಠಾಣೆಯವರ ಮತ್ತು ಎದುರಂಗಡಿಯವರ ಹೊಟ್ಟೆಗೆ ಹೋದವು. ಹಂಪಣ್ಣ ಊರ ಮುಂದೆ ಮಾಂಸ ಮುಟ್ಟದವನು, ಅವನ ಪಾಲು ಮುಚ್ಚಿದ ಬೋಗುಣಿಯಲ್ಲಿ ಹಿತ್ತಲ ಬಾಗಿಲಿಂದ ಒಳಗೆ ಹೋಯಿತು.

ಕರೆ ಬಂದ ಮಂಗಳವಾರ ಗಂಡ ಹೆಂಡತಿ ಹಿಂಡು ಹೊಡೆದುಕೊಂಡು ಠಾಣೆಗೆ ಬಂದರು. ಮಾನಪ್ಪ ಲಾಠಿಯಿಂದ ಬೆನ್ನು ತಟ್ಟುತ್ತ ಎಣಿಸಿದ. ನಲವತ್ಮೂರು. ಕಾಗದ ತರಿಸಿದ, ಓದಿಸಿದ. ಅರವತ್ತು.

"ಹದಿನೇಳ್ ಕುರಿ ಎಲ್ಲಿ ಮಾರಿದಿಯಲೇ?"

ಬೀರಣ್ಣ ಆಗಲೂ ನಗುತ್ತಿದ್ದ, ಪಾಪ. "ಅದು ಬರೇ ಬಾಯಿಮಾತ್ರಿ ಸಾಹೇಬ್ರ. ಧಣೇರು ಅಂದ್ರು, ನಾ ಹೂಂ ಅಂದೆ. ನಮ್ಮಾಗ ಹಂಗ ಅಂತೀವ್ರಿ."

ಮಾನಪ್ಪ ಕೆನ್ನೆಗೆ ಬಾರಿಸಿದ ಏಟಿಗೆ ಆ ನಗು ಹಾರಿಹೋಯಿತು. ಸರ್ಕಾರದ ಮಾಲು ಕದ್ದವನೆಂದು ಅವನನ್ನು ಹವಾಲಾತಿಗೆ, ಅಂದರೆ ಠಾಣೆಯ ಕಿಟಕಿಯಿಲ್ಲದ ಕೋಣೆಗೆ ನೂಕಿ ಬೀಗ ಹಾಕಿದರು. ಕುರಿಗಳನ್ನು ಠಾಣೆಯ ಅಂಗಳದಲ್ಲೇ ಕೂಡಿಹಾಕಿ, ಸೊಪ್ಪು ನೀರು ಹಾಕುವ ಪುಣ್ಯವನ್ನು ಶಂಕ್ರಮ್ಮನಿಗೆ ಬಿಟ್ಟರು.

ಬುಧವಾರ ಹೊತ್ತೇರಿದ ಮೇಲೆ ಹಂಪಣ್ಣ ಬೇವಿನ ಮರದ ಕೆಳಗೆ ಬಂದ. ಹಣೆಗೆ ಅಗಲವಾಗಿ ವಿಭೂತಿ, ದನಿಯಲ್ಲಿ ಜಗತ್ತಿನ ಕರುಣೆಯೆಲ್ಲ.

"ನಾನೇನ್ ಕಲ್ಲೆದೀ ಮನುಷ್ಯಾ ಅಲ್ಲವಾ ಶಂಕ್ರವ್ವ. ನಾಳಿ ಸಂತ್ಯಾಗ ಹರಾಜು. ಅದು ಮುಗದ ಕೂಡ್ಲೆ ನಿನ್ ಗಂಡನ್ನ ಗುಲಬರ್ಗಾ ಜೇಲಿಗಿ ಕಳಸ್ತಾರ. ಎರಡ್ ವರ್ಷ ಅಂತಾರ, ಮೂರ್ ವರ್ಷ ಅಂತಾರ. ನೀವಿಬ್ರೂ ನನ್ ಮನ್ಯಾಗ ಏಳ್ ವರ್ಷ ಜೀತಕ್ಕ ಇರ್ತೀವಿ ಅಂತ ಹೆಬ್ಬೆಟ್ ಒತ್ರಿ, ಆ ಹದಿನೇಳ್ ಕುರಿ ಮಾತು ನಾನೇ ಮುಗಸ್ತೀನಿ. ಕುರಿ ನಾನೇ ಹರಾಜಿನ್ಯಾಗ ಹಿಡೀತೀನಿ. ಅವೇ ಕುರಿ, ನೀವೇ ಮೇಸ್ರಿ. ಏನ್ ಬದಲಾಗ್ತದ ಹೇಳು?"

ಏನು ಬದಲಾಗುತ್ತದೆ ಎಂಬುದು ಶಂಕ್ರಮ್ಮನಿಗೆ ಚೆನ್ನಾಗಿ ಗೊತ್ತಿತ್ತು. ಜೀತಕ್ಕೆ ಹೋದವರು ಏಳು ವರ್ಷಕ್ಕೆ ತಿರುಗಿ ಬಂದದ್ದನ್ನು ಆ ಸೀಮೆಯಲ್ಲಿ ಯಾರೂ ಕಂಡಿರಲಿಲ್ಲ. ಹೆಬ್ಬೆಟ್ಟು ಒತ್ತದಿದ್ದರೆ ಗಂಡ ಜೈಲಿಗೆ, ಒತ್ತಿದರೆ ಇಬ್ಬರೂ ಹಂಪಣ್ಣನ ಕೊಟ್ಟಿಗೆಗೆ. ಎಂಬತ್ತು ರೂಪಾಯಿ ಸಾಲದಿಂದ ಶುರುವಾದದ್ದು ಇಲ್ಲಿಗೆ ಬಂದು ಮುಟ್ಟಿತ್ತು, ಆ ಎಂಬತ್ತು ತಿಂದವನು ಹತ್ತು ಮಾರು ದೂರದ ಕಟ್ಟೆಯ ಮೇಲೆ ಹಲ್ಲು ಚುಚ್ಚಿಕೊಳ್ಳುತ್ತ ಕೂತಿದ್ದ.

ಮಧ್ಯಾಹ್ನ ಅವಳ ಅಣ್ಣ ಅಯ್ಯಣ್ಣ ಮುದನಾಳದಿಂದ ಬಂದ. ಸುದ್ದಿ ಕೇಳಿದ ಕೂಡಲೇ ಹೊರಟವನು, ಕಾಲೆಲ್ಲ ಧೂಳು.

"ಅಳಬ್ಯಾಡ ತಂಗಿ. ನಮ್ಮ ಕುಲದವ್ರಾಗ ಹದಿನೇಳ್ ಕುರಿ ಕೂಡಸೂದ್ ದೊಡ್ಡ ಮಾತಲ್ಲ. ಮನಿಗೊಂದ್ ಕೊಡ್ತಾರ. ನಾಳಿ ಹೊತ್ತೇರೂದ್ರಾಗ ತಂದ್ ನಿಲ್ಲಸ್ತೀನಿ."

"ಬ್ಯಾಡಣ್ಣಾ," ಅಂದಳು ಶಂಕ್ರಮ್ಮ. "ಇವತ್ ನೀವು ಹದಿನೇಳ್ ಕೊಟ್ರ ಅವು ಇದ್ದೂ ಅಂತ್ಲೇ ಆತು. ನಾಳಿ ಇವ್ರು ನಿನ್ ದಡ್ಡಿಗಿ ಬಂದು ನೂರ್ ಅಂತ ಬರೀತಾರ. ಆಗ ನೀ ಯಾರ ಮನಿಗಿ ಹೋಗ್ತಿ?"

"ಮತ್ತೇನ್ ಮಾಡ್ತಿ?"

ಶಂಕ್ರಮ್ಮ ಎದುರಿನ ಅಂಗಡಿ ನೋಡುತ್ತ ಕೂತಳು. ಅಲ್ಲಿ ಹಂಪಣ್ಣ ಯಾರಿಗೋ ಜೋಳ ಅಳೆದು ಹಾಕುತ್ತಿದ್ದ. ಸೇರು ತುಂಬಿ, ಕೈಯಲ್ಲಿ ಸವರಿ, ಮೊದಲನೆಯದನ್ನು ಸುರಿಯುವಾಗ "ಲಾಭ" ಅಂದ. ಆಮೇಲೆ ಎರಡು, ಮೂರು, ನಾಲ್ಕು. ವ್ಯಾಪಾರಿಗಳೆಲ್ಲ ಹಾಗೇ, ಒಂದು ಅನ್ನುವುದಿಲ್ಲ, ಒಂದು ಅಂದರೆ ಒಂದಕ್ಕೇ ನಿಂತೀತೆಂಬ ಭಯ. ಶಂಕ್ರಮ್ಮ ಇದನ್ನು ನೂರು ಸಲ ಕೇಳಿದ್ದಳು. ಅಂದು ಮಾತ್ರ ಕಿವಿ ನಿಮಿರಿತು. ಕುರಿಗಾರರ ನೇಮವನ್ನು ಕಾಗದಕ್ಕೆ ಹಾಕಿ ಮಾರಿಕೊಂಡ ಈ ಮನುಷ್ಯ ಲೆಕ್ಕಕ್ಕೆ ತಾನೂ ಅಷ್ಟೇ ಹೆದರುತ್ತಾನೆ!

ಲೆಕ್ಕ ಅವಳಿಗೆ ಬರುತ್ತಿತ್ತು. ಉಣ್ಣೆಯ ಲಡಿಗಳನ್ನು ಹಂಪಣ್ಣ ಇಪ್ಪತ್ತಕ್ಕೆ ಹದಿನಾರೆಂದು ಎಣಿಸಿ ಮೋಸ ಮಾಡುತ್ತಿದ್ದಾಗ ರೋಸಿಹೋಗಿ ಕಲಿತದ್ದು. ಅದನ್ನು ಕುರಿಗಳ ಮೇಲೆ ಆಡುವ ದಿನ ಬರುತ್ತದೆಂದು ಕನಸಿನಲ್ಲೂ ಎಣಿಸಿರಲಿಲ್ಲ. ಸಂಜೆಯಾಗುವ ತನಕ ಅಂಗಳದ ಕುರಿಗಳ ನಡುವೆ ಕೂತು ಅವಳು ಅತ್ತಳು. ಗಬ್ಬದ ಕುರಿ ಚುಕ್ಕಿ ಬಂದು ಅವಳ ಸೆರಗು ನೆಕ್ಕಿತು, ಆಗ ಇನ್ನೂ ಜೋರಾಗಿ ಅತ್ತಳು.

ಗುರುವಾರ ಸಂತೆ ತುಂಬಿತು. ಸುತ್ತಿನ ದಡ್ಡಿಗಳಿಂದ ಕುರಿಗಾರರು ಬಂದಿದ್ದರು, ಅಯ್ಯಣ್ಣ ಕರೆದು ತಂದವರೇ ಐವತ್ತು ಅರವತ್ತು ಜನ, ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೋಲು. ಯಾದಗಿರಿ ಸ್ಟೇಶನ್ನಿನಿಂದ ಹೈದರಾಬಾದಿಗೆ ರೈಲಿನಲ್ಲಿ ಕುರಿ ಸಾಗಿಸುವ ದಲ್ಲಾಳಿಯೊಬ್ಬನೂ ಬಂದು ನಿಂತಿದ್ದ. ಠಾಣೆಯ ಅಂಗಳಕ್ಕೆ ಮೇಜು ತಂದು ಹಾಕಿದರು. ಮುನಶಿ ಕೂತ. ಹಂಪಣ್ಣ ಕುರ್ಚಿಯಲ್ಲಿ ಕೂತು, ಜೀತದ ಕಾಗದವನ್ನು ತೊಡೆಯ ಮೇಲೆ ಹರಡಿ, ಮಸಿಯ ಡಬ್ಬಿಯನ್ನು ತಾನೇ ತೆರೆದಿಟ್ಟ.

"ಬಾರವ್ವಾ, ಒತ್ತು," ಅಂದ. "ಇಲ್ಲಾ ಅಂದ್ರ ಹದಿನೇಳ್ ಕುರಿ ತಂದ್ ಕೊಡು."

"ಕೊಡ್ತೀನ್ರಿ," ಅಂದಳು ಶಂಕ್ರಮ್ಮ. "ನಿಮ್ಗ ಅರವತ್ತ್ ಬೇಕಲ್ರಿ? ಎಣಸಿ ಕೊಡ್ತೀನಿ. ಮುನಶಿ ಯಪ್ಪಾ, ನೀ ಬರ್ಕೋ."

ಸೆರಗು ಸೊಂಟಕ್ಕೆ ಸಿಕ್ಕಿಸಿ ಅವಳು ಹಿಂಡಿನೊಳಗೆ ನಡೆದಳು. ಎದುರಿಗೆ ಬಂದ ಮೊದಲ ಕುರಿಯ ತಲೆಯ ಮೇಲೆ ಅಂಗೈ ಇಟ್ಟಳು.

"ಒಂದು."

ಕುರಿಗಾರರ ಗುಂಪಿನಲ್ಲಿ ಯಾರೋ "ಯವ್ವಾ!" ಎಂದು ಚೀರಿದರು. ಅಯ್ಯಣ್ಣ ಮುಂದೆ ಬಂದು "ತಂಗೀ, ಬ್ಯಾಡ" ಅಂದ. ಅವಳು ತಿರುಗಿ ನೋಡಲಿಲ್ಲ. "ಎರಡು. ಮೂರು." ಒಂದೊಂದರ ತಲೆ ಮುಟ್ಟಿದಳು, ಒಂದೊಂದಕ್ಕೂ ಬಾಯಿಬಿಟ್ಟು ಹೇಳಿದಳು. ಒಳಗಿನ ಕತ್ತಲೆ ಕೋಣೆಯಿಂದ ಬೀರಣ್ಣ ಅವಳ ದನಿ ಕೇಳಿ ಬಾಗಿಲು ಗುದ್ದತೊಡಗಿದ. "ಎಣಸಬ್ಯಾಡ! ಎಣಸಬ್ಯಾಡ!" ಎಂದು ಅವನು ಕೂಗುವುದು ಸಂತೆಗೆಲ್ಲ ಕೇಳಿಸುತ್ತಿತ್ತು. ಚುಕ್ಕಿಯ ತಲೆಯ ಮೇಲೂ ಶಂಕ್ರಮ್ಮ ಕೈ ಇಟ್ಟಳು. ಅದನ್ನೂ ಎಣಿಸಿದಳು. ಮಾನಪ್ಪ ಕಟ್ಟೆಯ ಮೇಲೆ ನಗುತ್ತಿದ್ದ. ಹಂಪಣ್ಣ ಮೊದಲು ನಗುತ್ತಿದ್ದವನು ಇಪ್ಪತ್ತು ದಾಟುವಷ್ಟರಲ್ಲಿ ನಗು ನಿಲ್ಲಿಸಿದ್ದ.

"ನಲವತ್ಮೂರು," ಅಂದಳು. ಹಿಂಡು ಮುಗಿಯಿತು, ಅವಳು ಕಟ್ಟೆಯ ಕಡೆ ಮುಖ ಮಾಡಿದಳು.

"ನಲವತ್ನಾಕು, ನಲವತ್ತೈದು. ಝಂಡಾದ ಹಬ್ಬದಾಗ ಇವ್ರ ಹೊಟ್ಟಿಗಿ ಹೋದವು. ಬರ್ಕೋ ಯಪ್ಪಾ."

ಖಾಜಾಹುಸೇನ ತಲೆ ಎತ್ತದೆ ಬರೆದುಕೊಂಡ.

"ಅರವತ್ತಕ್ಕ ಇನ್ನಾ ಬೇಕು. ಇಲ್ಲಿ ನಿಂತವ್ರೊಳಗ ಎಣಸ್ತೀನಿ," ಎಂದು ಶಂಕ್ರಮ್ಮ ತನ್ನ ಅಂಗೈಯನ್ನು ತನ್ನ ನೆತ್ತಿಯ ಮೇಲೆ ಇಟ್ಟುಕೊಂಡಳು. "ನಲವತ್ತಾರು. ಇದು ನಾ."

ಒಡತಿ ತನ್ನ ಹಿಂಡಿನ ಲೆಕ್ಕಕ್ಕೆ ಸೇರಿಸಿದ ತಲೆ ಯಾರದಾದರೂ ಕತ್ತಿಯದೇ. ಕುರಿಗಾರರು ಒಬ್ಬೊಬ್ಬರಾಗಿ ಕಂಬಳಿ ತೆಗೆದು ತಲೆ ಮುಚ್ಚಿಕೊಂಡರು, ಸತ್ತ ಮನೆಯಲ್ಲಿ ಮುಚ್ಚಿಕೊಳ್ಳುವ ಹಾಗೆ. ಅವಳು ಕಟ್ಟೆ ಹತ್ತಿ ಜಮಾದಾರನ ಕಡೆ ಕೈ ಚಾಚಿದಳು.

"ನಲವತ್—"

ಮಾನಪ್ಪ ಹಿಂದಕ್ಕೆ ಸರಿದ. ಲಾಠಿ ಎತ್ತಿದ್ದ, ಆದರೆ ಬೀಸಲಿಲ್ಲ. ಅಂಗಳದ ತುಂಬ ಕೋಲು ಹಿಡಿದ ಜನ ತಲೆ ಮುಚ್ಚಿಕೊಂಡು ತನ್ನನ್ನೇ ನೋಡುತ್ತಿದ್ದರು. ಎರಡು ಸರ್ಕಾರಕ್ಕೂ ಜಗ್ಗದ ಆ ಮನುಷ್ಯ ಉಣ್ಣೆ ನೂಲುವ ಹೆಂಗಸಿನ ಒಂದು ಬರಿಗೈಗೆ ಹೆದರಿ ಗೋಡೆಗೆ ಬೆನ್ನು ಹಚ್ಚಿದ. ಹೊಸ ಬಿಲ್ಲೆಯ ಟೋಪಿ ಜಾರಿ ಕುರಿ ಹಿಕ್ಕೆಯ ಮೇಲೆ ಬಿತ್ತು. "ಏ ಹುಚ್ಚೀ, ಮುಟ್ಟಬ್ಯಾಡ!" ಅಂದ, ದನಿ ಹೊರಟದ್ದು ಅರ್ಧ ಮಾತ್ರ.

"ಒಲ್ಲೆಂದ್ರ ಇವ್ರನ್ನ ಮದ್ಲ ಎಣಸ್ತೀನಿ," ಎಂದು ಅವಳು ಹಂಪಣ್ಣನ ಕಡೆ ತಿರುಗಿದಳು.

ಹಂಪಣ್ಣ ಕುರ್ಚಿಯಿಂದ ಎದ್ದ ರಭಸಕ್ಕೆ ಮಸಿಯ ಡಬ್ಬಿ ಉರುಳಿ ಜೀತದ ಕಾಗದವೆಲ್ಲ ಕಪ್ಪಾಯಿತು. ಬೇರೆಯವನಾಗಿದ್ದರೆ ನಕ್ಕು ಕೂತಿರಬಹುದಿತ್ತು. ಆದರೆ ಕುರಿಗಾರರ ಲೆಕ್ಕ ತಟ್ಟುತ್ತದೆಂದು ಬಲ್ಲದ್ದಕ್ಕೇ ಅಲ್ಲವೇ ಅವನು ಆ ಅರವತ್ತನ್ನು ಬರೆಸಿದ್ದು? ನಂಬಿಕೆಯ ಲಾಭ ತಿಂದವನಿಗೆ ಅದರ ಭಯ ಬಿಡುತ್ತದೆಯೇ? ಅವಳ ಅಂಗೈ ತನ್ನ ರುಮಾಲಿಗೆ ಒಂದು ಗೇಣು ಇರುವಾಗ ಅವನು ಎರಡೂ ಕೈ ಮೇಲೆತ್ತಿ ಕೂಗಿದ.

"ಬ್ಯಾಡವಾ ನಮ್ಮವ್ವಾ! ನಿನ್ ಕಾಲಿಗಿ ಬೀಳ್ತೀನಿ, ಕೈ ಕೆಳಗ ಇಳಸು. ಮುನಶಿ, ಹೊಡೀರಿ ಆ ಅರವತ್ತು! ಎಷ್ಟ್ ಅದಾವ ಅಷ್ಟೇ ಬರೀರಿ!"

"ಹಂಗ ಬರೀಲಿಕ್ಕ ಬರೂದಿಲ್ಲ," ಅಂದ ಮಾನಪ್ಪ ಗೋಡೆಯ ಬಳಿಯಿಂದ, ಟೋಪಿಯ ಹಿಕ್ಕೆ ಒರೆಸಿಕೊಳ್ಳುತ್ತ. ಶಂಕ್ರಮ್ಮ ಅವನ ಕಡೆ ಒಮ್ಮೆ ನೋಡಿದಳು. "ಬರೀರಿ, ಬರೀರಿ," ಅಂದ ಮಾನಪ್ಪ.

ಖಾಜಾಹುಸೇನ ಕನ್ನಡಕದ ದಾರ ಸರಿ ಮಾಡಿಕೊಂಡು ಸಾವಕಾಶ ಅರವತ್ತನ್ನು ಹೊಡೆದು ಹಾಕಿದ. ಬರೆದದ್ದನ್ನು ಗಟ್ಟಿಯಾಗಿ ಓದಿದ: ಜಪ್ತಿಯ ದಿನ ಎಣಿಸದೆ ಬರೆದದ್ದರಿಂದ ತಪ್ಪಾಗಿದೆ, ಕುರಿ ಇದ್ದದ್ದು ನಲವತ್ತೈದು, ಅದರಲ್ಲಿ ಎರಡು ಸತ್ತಿವೆ. 'ಸತ್ತಿವೆ' ಅನ್ನುವಾಗ ಜಮಾದಾರನ ಹೊಟ್ಟೆಯ ಕಡೆ ನೋಡಿದ. ಆಮೇಲೆ ಕಾಗದವನ್ನು ಅವನ ಮುಂದೆ ಸರಿಸಿ, ಇಲ್ಲಿ ದಸ್ತಖತ್ ಮಾಡ್ರಿ ಅಂದ. ಮಾನಪ್ಪ ಮಾಡಿದ. ಕಳುವೇ ಇಲ್ಲದ ಮೇಲೆ ಕಳ್ಳನೂ ಇಲ್ಲ, ಬೀಗ ತೆಗೆಯಬೇಕಾಯಿತು.

ಹರಾಜು ಆಮೇಲೆ ಆಯಿತು. ಆಯಿತು ಅನ್ನುವುದಕ್ಕಿಂತ ಆಗಲಿಲ್ಲ ಅನ್ನಬೇಕು. ಮಾನಪ್ಪ ಮೂರು ಸಲ ಕೂಗಿದ, ಸಂತೆಯಲ್ಲಿ ಒಂದು ಬಾಯಿ ತೆರೆಯಲಿಲ್ಲ. ಒಡತಿ ತಾನೇ ತಲೆ ಮುಟ್ಟಿ ಎಣಿಸಿದ ಹಿಂಡನ್ನು ಯಾವ ಕುರಿಗಾರ ದಡ್ಡಿಗೆ ಹೊಗಿಸಿಕೊಂಡಾನು? ಹಂಪಣ್ಣ ಆ ಕಡೆ ಕಣ್ಣು ಕೂಡ ಹಾಯಿಸದೆ ಅಂಗಡಿಯ ಬಾಗಿಲು ಹಾಕಿಕೊಂಡಿದ್ದ. ಯಾದಗಿರಿಯ ದಲ್ಲಾಳಿಗೆ ಮನಸ್ಸಿತ್ತು, ಕತ್ತಿಗೆ ಹೋಗುವ ಕುರಿ ಎಣಿಸಿದರೇನು ಬಿಟ್ಟರೇನು. ಆದರೆ ಸುತ್ತ ನಿಂತ ಕಂಬಳಿಗಳನ್ನು ನೋಡಿದ, ನಾಳೆಯಿಂದ ಈ ಜನವೆಲ್ಲ ತನಗೆ ಕುರಿ ಮಾರುವುದು ನಿಲ್ಲಿಸಿಯಾರೆಂದು ತೋರಿ, ಬೀಡಿ ಹಚ್ಚಿಕೊಂಡು ಹೊರಟುಹೋದ. ಕಡೆಗೆ ಮುನಶಿ ಹೊಸ ಸುಪುರ್ದಿ ಕಾಗದ ಬರೆದ: ಕೊಳ್ಳುವವರು ಬರುವ ತನಕ ಸರ್ಕಾರದ ನಲವತ್ಮೂರು ಕುರಿಗಳು ಬೀರಣ್ಣನ ವಶದಲ್ಲಿ. ಇನ್ನೂರ ನಲವತ್ತು ರೂಪಾಯಿಯ ಸಾಲಪತ್ರ ಹಂಪಣ್ಣನ ಪೆಟ್ಟಿಗೆಯಲ್ಲಿ ಸುಖವಾಗಿಯೇ ಇತ್ತು, ಇವತ್ತಿನ ಬಡ್ಡಿಯೂ ಅದಕ್ಕೆ ಸೇರಿತು.

ಇಳಿಹೊತ್ತಿನಲ್ಲಿ ಗಂಡ ಹೆಂಡತಿ ಹಿಂಡು ಹೊಡೆದುಕೊಂಡು ಗುಡ್ಡದ ದಾರಿ ಹಿಡಿದರು. ಬೀರಣ್ಣ ಬಹಳ ಹಿಂದೆ ನಡೆಯುತ್ತಿದ್ದ. ಒಂದು ಕುರಿಯ ಮುಖವನ್ನೂ ನೋಡುತ್ತಿರಲಿಲ್ಲ. ಊರು ಮರೆಯಾದ ಮೇಲೆ ಬಾಯಿಬಿಟ್ಟ.

"ಎಲ್ಲಾ ಎಣಸಿಬಿಟ್ಟಿ."

"ಹೂಂ."

"ನಿನ್ನೂ ಎಣಸ್ಕೊಂಡಿ."

"ಹೂಂ. ಇಲ್ಲಾ ಅಂದ್ರ ನೀ ಗುಲಬರ್ಗಾದಾಗ ಇರ್ತಿದ್ದಿ."

ಅವನು ಕಂಬಳಿಯ ಅಂಚಿನಿಂದ ಮುಖ ಒರೆಸಿಕೊಂಡ. ಹೆಂಡತಿಯ ಮೇಲೆ ಸಿಟ್ಟಿತ್ತು, ಅವಳ ಕೈ ಹಿಡಿದುಕೊಂಡು ಅಳಬೇಕೆಂದೂ ಇತ್ತು. ಎರಡೂ ಆಗದೆ ನಡೆದ.

ಹಳ್ಳ ದಾಟುವಲ್ಲಿ ಚುಕ್ಕಿ ಹಿಂದೆ ಉಳಿಯಿತು. ಹೋಗಿ ನೋಡಿದರೆ ಲಕ್ಕಿ ಪೊದೆಯ ಮರೆಯಲ್ಲಿ ಮಲಗಿ ಮರಿ ಹಾಕಿತ್ತು. ಕಪ್ಪು ಮರಿ, ಹಣೆಯ ಮೇಲೆ ತಾಯಿಯದೇ ಬಿಳಿ ಚುಕ್ಕೆ. ಶಂಕ್ರಮ್ಮ ಮೊಣಕಾಲೂರಿ ಸೆರಗಿನಿಂದ ಅದರ ಮೂಗು ಬಾಯಿ ಒರೆಸಿದಳು. ಬೀರಣ್ಣ ಬಂದು ಬಗ್ಗಿ ನಿಂತ. ಅಂದಿನ ಮಟ್ಟಿಗೆ ಮೊದಲ ಸಲ ಒಂದು ಕುರಿಯ ಮುಖ ನೋಡಿದ, ಕೈ ತಾನಾಗಿ ಮರಿಯ ತಲೆಯ ಕಡೆ ಹೋಯಿತು. ಎರಡು ದಿನ ಹವಾಲಾತಿನಲ್ಲಿ ಅರವತ್ತು, ನಲವತ್ಮೂರು, ಹದಿನೇಳು ಎಂದು ಒದೆ ತಿನ್ನುತ್ತ ಕೇಳಿ ಕೇಳಿ ಅವನ ಬಾಯಿಗೂ ಆ ಚಾಳಿ ಹತ್ತಿತ್ತು.

"ನಲವತ್—"

ಶಂಕ್ರಮ್ಮ ಹಸಿ ಕೈಯಿಂದಲೇ ಅವನ ಬಾಯಿ ಮುಚ್ಚಿದಳು. ಅವನಿಗೂ ಆಗ ಹೊಳೆಯಿತು, ಚಾಚಿದ ಕೈ ಹಿಂದಕ್ಕೆ ಎಳೆದುಕೊಂಡ. ಇಬ್ಬರೂ ಒಮ್ಮೆ ತಿರುಗಿ ಠಾಣೆಯ ದಿಕ್ಕು ನೋಡಿದರು. ದಾರಿಯಲ್ಲಿ ಯಾರೂ ಇರಲಿಲ್ಲ.

"ಇದು ಕಾಗದದಾಗ ಇಲ್ಲ," ಅಂದಳು ಅವಳು, ಮರಿಯನ್ನು ಅವನ ಕಂಬಳಿಯೊಳಗೆ ತುರುಕುತ್ತ. "ಮುಚ್ಕೋ. ನಡಿ."